ಮುರಿದ ರೆಕ್ಕೆಯ ಸಂಧಿಕಾರ್ಯ



ನನ್ನ ಈ ಮಾತನ್ನು ನಿಮ್ಮ ಮನೆಗೆ ಹೊತ್ತು ತರುತ್ತಿರುವುದು ಕಣ್ಣಿಗೆ ಕಾಣದ ರೇಡಿಯೋ ಅಲೆ. ಇದೇ ಜಾತಿಯ ಅಲೆಯ ಮೂಲಕ, ನೆಲದ ಮೇಲೆ ನಿಂತವನು ಆಕಾಶದಲ್ಲಿರುವ ಪುಟ್ಟ ವಿಮಾನವೊಂದಕ್ಕೆ ‘ಎಡಕ್ಕೆ ತಿರುಗು, ಮೇಲಕ್ಕೇಳು’ ಎಂದು ಆಜ್ಞೆ ಮಾಡಬಲ್ಲನು. ಅಮೆರಿಕದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಸೋದರರು 1937ರಲ್ಲಿ ಇಂಥ ಮಾದರಿ ವಿಮಾನವನ್ನು ಯಶಸ್ವಿಯಾಗಿ ಹಾರಿಸಿದರು. ಆಜ್ಞೆ ಎಷ್ಟೇ ಸ್ಪಷ್ಟವಾಗಿರಲಿ, ಅದನ್ನು ನಡೆಸಿಕೊಡಬೇಕಾದದ್ದು ರೆಕ್ಕೆ. ಆ ರೆಕ್ಕೆಯನ್ನು ಕಟ್ಟುವ, ಮುರಿದಾಗ ಕೂಡಿಸುವ ವಿದ್ಯೆಯೇ ಇಂದಿನ ವಿಷಯ. ಕನ್ನಡ ವ್ಯಾಕರಣದ ಪಾಠ ಹೇಳಿದವನಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ಉತ್ತರ ಮುಂದೆ ತಾನಾಗಿಯೇ ಬರುತ್ತದೆ.

ಗೋಕಾಕವೆಂದೊಡನೆ ಜಲಪಾತವನ್ನೂ ಕರದಂಟನ್ನೂ ನೆನೆಯುವವರು ಅಲ್ಲಿಯ ಆಟಿಕೆಗಳನ್ನು ಮರೆಯಬಾರದು. ಹಗುರವಾದ ಮರದಿಂದಲೂ ಆ ಪರಿಸರದ ಒಂದು ವಿಶೇಷ ಮಣ್ಣಿನಿಂದಲೂ ಇಲ್ಲಿ ಗೊಂಬೆಗಳನ್ನು, ಹಣ್ಣುಗಳನ್ನು ಮಾಡುತ್ತಾರೆಂಬ ಉಲ್ಲೇಖ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಹೊರಬಂದ ಇಂಪೀರಿಯಲ್ ಗ್ಯಾಸೆಟಿಯರಿನಲ್ಲಿಯೇ ಇದೆ. ಹಗುರ ಮರದ ಹದವರಿತ ಕೈ ಈ ಸೀಮೆಗೆ ಹೊಸತಲ್ಲ. ವಿಮಾನವಿದ್ಯೆಯೂ ತೀರ ದೂರದ್ದಲ್ಲ. ಹುಕ್ಕೇರಿಗೆ ನೆರೆಯಾದ ಕೊಲ್ಲಾಪುರ ಸೀಮೆಯಲ್ಲಿ 1908ರಲ್ಲಿ ಹುಟ್ಟಿದ ವಿಷ್ಣು ಮಾಧವ ಘಾಟಗೆಯವರು ಜರ್ಮನಿಯಲ್ಲಿ ಪ್ರಾಂಟಲ್ ಅವರ ಶಿಷ್ಯರಾಗಿ ಕಲಿತು, ಬೆಂಗಳೂರಿನಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ರೂಪಿಸಿದರು. ಅದು ಮೊದಲ ಸಲ ಹಾರಿದ್ದು 1951ರಲ್ಲಿ. ದೊಡ್ಡ ವಿಮಾನದ ರೆಕ್ಕೆಗೂ ಆಟದ ವಿಮಾನದ ರೆಕ್ಕೆಗೂ ಮೂಲಧರ್ಮ ಒಂದೇ.

ಆ ಧರ್ಮವನ್ನು ಕಾವಡಿಯಿಂದ ತಿಳಿಯಬಹುದು. ಕಾವಡಿಯಲ್ಲಿ ಹೆಗಲು ನಡುವೆ ನಿಂತು ಆಧಾರ ಕೊಡುತ್ತದೆ. ಭಾರ ಎರಡು ತುದಿಗಳಲ್ಲಿ ಕೆಳಕ್ಕೆ ಜಗ್ಗುತ್ತದೆ. ವಿಮಾನದ್ದು ತಿರುವುಮುರುವಾದ ಕಾವಡಿ. ನಡುವೆ ಒಡಲಿನ ಭಾರ ಜೋತಿರುತ್ತದೆ. ಎರಡು ಕಡೆಯ ರೆಕ್ಕೆಗಳನ್ನು ಗಾಳಿ ಮೇಲಕ್ಕೆತ್ತುತ್ತದೆ. ಆದುದರಿಂದ ರೆಕ್ಕೆಯ ಕೆಳಮೈ ಹಿಗ್ಗಲು ಎಳೆಯುತ್ತದೆ, ಮೇಲ್ಮೈ ಕುಗ್ಗಲು ಒತ್ತುತ್ತದೆ. ಬಾಗಿಸುವ ಬಲ ನಡುವಿನಲ್ಲಿ ಅತ್ಯಧಿಕ. ಇದನ್ನು ತಾಳಲು ರೆಕ್ಕೆಯ ಉದ್ದಕ್ಕೂ ಮೇಲೊಂದು, ಕೆಳಗೊಂದು ತೆಳ್ಳನೆಯ ತೊಲೆ. ಅವೆರಡರ ನಡುವೆ ಎಳೆಗಳು ನೆಟ್ಟಗೆ ನಿಲ್ಲುವಂತೆ ಅಂಟಿಸಿದ ಪುಟ್ಟ ಹಲಗೆಗಳು. ಅಡ್ಡಲಾಗಿ ಪಕ್ಕೆಲುಬುಗಳು, ಗಾಳಿಯನ್ನು ಒಪ್ಪಿಕೊಳ್ಳುವ ಬಾಗು ರೆಕ್ಕೆಗೆ ಬರುವುದು ಇವುಗಳಿಂದ. ಎಲ್ಲದರ ಮೇಲೆ ಕಾಗದದ ಅಥವಾ ಕಾವಿಗೆ ಬಿಗಿಯುವ ತೆಳುಹಾಳೆಯ ಹೊದಿಕೆ. ಮರ ಬಹುಪಾಲು ದಕ್ಷಿಣ ಅಮೆರಿಕದ ಬಾಲ್ಸಾ. ಒಂದು ಘನ ಮೀಟರ್ ತೇಗ ಸುಮಾರು 650 ಕಿಲೋ ತೂಗಿದರೆ ಬಾಲ್ಸಾ ಸುಮಾರು 160 ಕಿಲೋ ಮಾತ್ರ.

ಇಂಥ ರೆಕ್ಕೆ ಮುರಿಯುವುದು ಅಪರೂಪವಲ್ಲ. ಮೂಡಲಗಿಯ ಕಬ್ಬಿನ ಗದ್ದೆಯಲ್ಲಿ ಬಿದ್ದರೆ ಕಬ್ಬಿನ ರವದಿ ಹೊದಿಕೆಯನ್ನು ಸೀಳುತ್ತದೆ. ಎರೆಯ ಹೆಂಟೆಗೆ ಬಡಿದರೆ ತೊಲೆಯೇ ಲಟಕ್ಕೆನ್ನುತ್ತದೆ. ಒಡೆದ ಮುತ್ತು ಕೂಡದೆಂಬುದು ರೂಢಿಯ ಮಾತು. ಮರ ಮುತ್ತಿನಷ್ಟು ನಿಷ್ಠುರವಲ್ಲ. ಅದನ್ನು ಕೂಡಿಸುವ ಕ್ರಮವನ್ನು ನೋಡಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ವ್ಯಾಕರಣದ ಮೂರು ಸಂಧಿಗಳು.

ಮೊದಲನೆಯದು ಲೋಪ. ‘ಊರು ಊರು’ ಕೂಡಿ ‘ಊರೂರು’ ಆಗುವಾಗ ಒಂದು ಸ್ವರ ಬಿಟ್ಟುಕೊಡಬೇಕು. ಹಾಗೆಯೇ ಜಜ್ಜಿಹೋದ ಮರವನ್ನು ಮೊದಲು ತೆಗೆಯಬೇಕು. ಎಳೆಗಳು ನುಜ್ಜಾದಲ್ಲಿ ಅಂಟು ಹಿಡಿದರೂ ಬಲ ಬಾರದು. ಆದರೆ ನೇರವಾಗಿ ಸೀಳಿದ ಮುರಿತದ ಹಲ್ಲುಗಳನ್ನು ಕತ್ತರಿಸಲಾಗದು. ಅವು ಒಂದಕ್ಕೊಂದು ಸರಿಯಾಗಿ ಕೂಡುತ್ತವೆ. ಆದುದರಿಂದ ಬಿದ್ದ ಜಾಗದಲ್ಲಿ ಚೂರುಚೂರನ್ನೂ ಆಯ್ದು ತರಬೇಕು.

ಎರಡನೆಯದು ಆಗಮ. ‘ಮನೆಯನ್ನು’ ಎಂಬಲ್ಲಿ ಯಕಾರ ಬಂದು ಎರಡು ಸ್ವರಗಳನ್ನು ಬೆಸೆಯುವಂತೆ, ಮುರಿದ ತೊಲೆಗೆ ಪಕ್ಕದಲ್ಲಿ ಹೊಸ ಪಟ್ಟಿ ಬರಬೇಕು. ಅದರ ತುದಿಗಳನ್ನು ಓರೆಯಾಗಿ ಸವರಬೇಕು. ಮೊಂಡು ತುದಿಯಲ್ಲಿ ಬಲ ಒಮ್ಮೆಲೇ ನಿಂತು, ಮುಂದಿನ ಸಲ ರೆಕ್ಕೆ ಅಲ್ಲಿಯೇ ಮುರಿಯುತ್ತದೆ. ತೊಲೆಗೆ ತೊಲೆಯನ್ನೇ ಕೂಡಿಸುವಾಗಲೂ ಓರೆಯ ಉದ್ದ ದಪ್ಪದ ಎಂಟರಿಂದ ಹನ್ನೆರಡು ಪಟ್ಟು ಇರಬೇಕು. ಅಂಟು ಹಿಡಿಯುವ ಮೈ ಆಗ ಹಿಗ್ಗುತ್ತದೆ.

ಮೂರನೆಯದು ಆದೇಶ. ‘ಮಳೆಗಾಲ’ದಲ್ಲಿ ಕಕಾರವಿದ್ದೆಡೆ ಗಕಾರ ಬರುವಂತೆ, ಪುಡಿಯಾದ ಪಕ್ಕೆಲುಬಿನ ಸ್ಥಾನಕ್ಕೆ ಹೊಸದು. ಅಚ್ಚು ಬೇಕಾದರೆ ನೆರೆಯಲ್ಲಿ ಗಟ್ಟಿಯಾಗಿ ಉಳಿದಿರುವ ಪಕ್ಕೆಲುಬೇ ಅಚ್ಚು.

ಅರ್ಥ ಕೆಡುವಲ್ಲಿ ಸಂಧಿ ಮಾಡಬಾರದೆಂಬುದು ವ್ಯಾಕರಣದ ಕಟ್ಟುನಿಟ್ಟು. ರೆಕ್ಕೆಯಲ್ಲಿ ಅರ್ಥವೆಂದರೆ ಆಕಾರ ಮತ್ತು ತೂಕ. ಕಿನ್ನಾಳದ ಚಿತ್ರಗಾರರು ಮರದ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ಗೊಂಬೆಯ ಸಂದು ತುಂಬುತ್ತಾರೆ. ಗೊಂಬೆಗೆ ಅದು ಒಪ್ಪುತ್ತದೆ. ರೆಕ್ಕೆಯಲ್ಲಿ ಸಂದು ತುಂಬಿದ ಅಂಟು ಬರಿಯ ಭಾರ. ಬಡಗಿಯ ಬಿಳಿ ಅಂಟನ್ನು ತೆಳ್ಳಗೆ ಸವರಿ, ಸಮನಾದ ಹಲಗೆಯ ಮೇಲೆ ಸೂಜಿ ಚುಚ್ಚಿ ನಿಲ್ಲಿಸಿ, ರಾತ್ರಿಯಿಡೀ ಒಣಗಲು ಬಿಡುವ ತಾಳ್ಮೆ ಬೇಕು. ಬಳಿಕ ಹಿಂದಿನಿಂದ ಕಣ್ಣು ಸಮರೇಖೆಗೆ ತಂದು ತಿರುಚು ಉಳಿದಿದೆಯೇ ಎಂದು ನೋಡಬೇಕು. ಎರಡು ರೆಕ್ಕೆಗಳು ಸಮ ತೂಗಬೇಕು. ಸಾಮಾನ್ಯ ನೇರ ರೆಕ್ಕೆಯ ವಿಮಾನದಲ್ಲಿ ಸಮತೋಲದ ಬಿಂದು ಮುಂದಿನ ಅಂಚಿನಿಂದ ಅಗಲದ ಕಾಲು ಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಬೀಳಬೇಕು. ಈ ಪರೀಕ್ಷೆಗಳನ್ನು ಬಿಟ್ಟು ಹಾರಿಸಿದರೆ ರಿಪೇರಿಯ ಶ್ರಮ ಮಣ್ಣುಪಾಲು.

ಈಗ ಮಕ್ಕಳ ಕೈಗೆ ಸಿದ್ಧ ಫೋಮಿನ ವಿಮಾನಗಳು ಬರುತ್ತಿವೆ. ಅವು ಕೆಟ್ಟವಲ್ಲ, ಕಲಿಯುವವನ ಪೆಟ್ಟನ್ನು ಚೆನ್ನಾಗಿ ತಾಳುತ್ತವೆ. ಆದರೆ ಮುರಿದೊಡನೆ ಬಿಸಾಡಿ ಇನ್ನೊಂದನ್ನು ಕೊಳ್ಳುವ ಅಭ್ಯಾಸ ಅವುಗಳೊಂದಿಗೆ ಬರುತ್ತದೆ. ಹಾಗೆ ಕೊಳ್ಳಲಾರದ ಮನೆಯ ಹುಡುಗ ಮುರಿದೀತೆಂಬ ಭಯದಿಂದ ವಿಮಾನವನ್ನು ಮಾಡದಲ್ಲಿಯೇ ಇಟ್ಟುಬಿಡುತ್ತಾನೆ. ಹುಕ್ಕೇರಿ ಮೂಡಲಗಿಗಳಂಥ ಊರುಗಳಲ್ಲಿ, ಬಿಡಿಭಾಗದ ಅಂಗಡಿ ದೂರವಿರುವಲ್ಲಿ, ಈ ಭಯ ಸಣ್ಣದಲ್ಲ. ಅದನ್ನು ಕಳೆಯುವುದು ಹಣವಲ್ಲ, ಕೈಯ ತಿಳಿವಳಿಕೆ. ಗೊಂಬೆ ಕೆತ್ತುವ ಮನೆಯವರನ್ನೂ ಬಡಗಿಯನ್ನೂ ಶಾಲೆಗೆ ಕರೆದು ವಿಜ್ಞಾನದ ಮೇಷ್ಟ್ರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂರಿಸಿದರೆ, ಆ ತಿಳಿವಳಿಕೆ ಹುಡುಗರಿಗೆ ದಾಟೀತು. ಕೂಡಿಸಬಲ್ಲೆನೆಂಬ ಧೈರ್ಯವಿದ್ದವನೇ ನಿರ್ಭಯವಾಗಿ ಹಾರಿಸಬಲ್ಲನು.