ಅಂಗಸಂಸ್ಥೆ ಯಾರ ಮನೆಯದು?

1888ರ ಬೇಸಿಗೆಯಲ್ಲಿ ಕಲ್ಕತ್ತ ಬಂದರಿನಲ್ಲಿ ಕೆಲವು ಸಾಬೂನಿನ ಪೆಟ್ಟಿಗೆಗಳು ಇಳಿದವು. ಲೀವರ್ ಬ್ರದರ್ಸ್‌ನವರು ಇಂಗ್ಲೆಂಡಿನಲ್ಲಿ ತಯಾರಿಸಿದ್ದು ಎಂದು ಅವುಗಳ ಮೇಲೆ ಬರೆದಿತ್ತು. ಒಳಗಿದ್ದದ್ದು ಸನ್‌ಲೈಟ್ ಸಾಬೂನು. ಆಗ ಆ ಕಂಪನಿಗೆ ಈ ದೇಶದಲ್ಲಿ ಕಾರ್ಖಾನೆ ಇರಲಿಲ್ಲ. ಹಡಗಿನಿಂದ ಇಳಿದ ಸರಕನ್ನು ಮಾರಿಸಿ, ಬಂದ ಹಣವನ್ನು ಕಳಿಸುವುದಷ್ಟೇ ವ್ಯವಹಾರ. ಇಂದು ಅದೇ ಮನೆತನದ ಹಿಂದೂಸ್ತಾನ್ ಯೂನಿಲೀವರ್ ದೇಶದ ದೊಡ್ಡ ಕಂಪನಿಗಳಲ್ಲಿ ಒಂದು. ನಡುವಿನ ನೂರಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ನಡೆದದ್ದೇನು ಎಂಬುದೇ ಈ ಮಾತಿನ ವಿಷಯ.

ಬಹುರಾಷ್ಟ್ರೀಯ ಕಂಪನಿ ಎಂದೊಡನೆ ಸಾಮಾನ್ಯವಾಗಿ ಎರಡು ಚಿತ್ರಗಳು ಕಣ್ಣೆದುರು ಬರುತ್ತವೆ. ದೇಶದ ರಕ್ತ ಹೀರುವ ಜಿಗಣೆ ಎಂಬುದು ಒಂದು. ಬಂಡವಾಳ, ಉದ್ಯೋಗಗಳನ್ನು ಹೊತ್ತು ತರುವ ಕಾಮಧೇನು ಎಂಬುದು ಇನ್ನೊಂದು. ಈ ಎರಡೂ ಚಿತ್ರಗಳಲ್ಲಿ ಒಂದೇ ದೋಷವಿದೆ. ಅಂಗಸಂಸ್ಥೆಗೆ ತನ್ನದೇ ಆದ ಬದುಕಿಲ್ಲ, ತಲೆ ಹೇಳಿದಂತೆ ಕೈ ಆಡುತ್ತದೆ ಎಂದು ಎರಡೂ ನಂಬಿವೆ. ಆದರೆ ಬೇರೆ ದೇಶದಲ್ಲಿ ನೆಲೆಯೂರಿದ ಅಂಗಸಂಸ್ಥೆಯನ್ನು ಮದುವೆ ಮಾಡಿಕೊಟ್ಟ ಹೆಣ್ಣುಮಗಳಿಗೆ ಹೋಲಿಸುವುದೇ ಹೆಚ್ಚು ಸರಿ. ಸೇರಿದ ಮನೆಯ ಅಡುಗೆ, ಆಚಾರ, ಮುನಿಸು ಎಲ್ಲವನ್ನೂ ಅವಳು ಕಲಿಯುತ್ತಾಳೆ, ತವರನ್ನು ಮಾತ್ರ ಮರೆಯುವುದಿಲ್ಲ. ವ್ಯತ್ಯಾಸ ಇಷ್ಟೇ: ಇಲ್ಲಿ ಹಬ್ಬದ ಉಡುಗೊರೆ ವರ್ಷವರ್ಷವೂ ತವರಿಗೇ ಹೋಗುತ್ತದೆ!

ಹಡಗಿನ ಸಾಬೂನು ಕಾರ್ಖಾನೆಯಾದದ್ದು ಹೇಗೆ? ಸ್ವದೇಶಿ ಚಳವಳಿ ಬಲಗೊಳ್ಳುತ್ತಿದ್ದಂತೆ ವಿದೇಶಿ ಸರಕು ಎಂಬ ಮಾತೇ ವ್ಯಾಪಾರಕ್ಕೆ ಹೊರೆಯಾಯಿತು. ಟಾಟಾ ಆಯಿಲ್ ಮಿಲ್ಸ್, ಗೋದ್ರೆಜ್ ಮೊದಲಾದವರು ಇಲ್ಲಿಯೇ ಸಾಬೂನು ಮಾಡತೊಡಗಿದ್ದರು. ಮೈಸೂರು ಸಂಸ್ಥಾನವಂತೂ 1916ರಲ್ಲೇ ಸರ್ಕಾರಿ ಸಾಬೂನು ಕಾರ್ಖಾನೆ ತೆರೆದಿತ್ತು. ಬ್ರಿಟಿಷ್ ಮತ್ತು ಡಚ್ ಕಂಪನಿಗಳು ಕೂಡಿ ಯೂನಿಲೀವರ್ ಆದದ್ದು 1930ರ ಸುಮಾರಿಗೆ. ಅದು ಇಲ್ಲಿ 1931ರಲ್ಲಿ ವನಸ್ಪತಿಗಾಗಿ, 1933ರಲ್ಲಿ ಸಾಬೂನಿಗಾಗಿ, 1935ರಲ್ಲಿ ಇತರ ಪದಾರ್ಥಗಳ ಮಾರಾಟಕ್ಕಾಗಿ ಮೂರು ಕಂಪನಿಗಳನ್ನು ಕಟ್ಟಿತು. ಮುಂಬಯಿಯ ಶಿವಡಿಯಲ್ಲಿ 1934ರಲ್ಲಿ ಸಾಬೂನು ತಯಾರಿಕೆ ಶುರುವಾಯಿತು. 1956ರಲ್ಲಿ ಮೂರೂ ಕೂಡಿ ಹಿಂದೂಸ್ತಾನ್ ಲೀವರ್ ಆದಾಗ ಶೇಕಡ 10ರಷ್ಟು ಷೇರುಗಳನ್ನು ಭಾರತೀಯರಿಗೆ ನೀಡಲಾಯಿತು.

ಕಾರ್ಖಾನೆಗಿಂತ ಮುಖ್ಯವಾದ ಬದಲಾವಣೆ ಮೇಜಿನ ಹಿಂದಿನ ಕುರ್ಚಿಯಲ್ಲಿ ಆಯಿತು. ಪಂಜಾಬಿನ ಪ್ರಕಾಶ್ ಟಂಡನ್ ಇಂಗ್ಲೆಂಡಿನಲ್ಲಿ ಲೆಕ್ಕಪರಿಶೋಧನೆ ಕಲಿತು 1937ರಲ್ಲಿ ಕಂಪನಿಗೆ ಸೇರಿದಾಗ ಅಧಿಕಾರಿ ದರ್ಜೆಯಲ್ಲಿದ್ದ ಭಾರತೀಯರು ಬೆರಳೆಣಿಕೆಯಷ್ಟು. 1942ರಲ್ಲಿ ಯೂನಿಲೀವರ್, ಯುರೋಪಿಯನ್ನರ ಸ್ಥಾನಗಳಿಗೆ ಭಾರತೀಯರನ್ನು ತರಬೇತು ಮಾಡುವ ನಿರ್ಧಾರ ಕೈಗೊಂಡಿತು. ಇದನ್ನು ಔದಾರ್ಯವೆಂದಷ್ಟೇ ಓದಬಾರದು. ಯುದ್ಧ ನಡೆದಿತ್ತು, ಸ್ವಾತಂತ್ರ್ಯ ಹತ್ತಿರದಲ್ಲಿತ್ತು. ಆದರೂ ಬಹಳ ಕಂಪನಿಗಳಿಗೆ ಆಗ ಕಾಣದಿದ್ದದ್ದು ಇದಕ್ಕೆ ಕಂಡಿತು ಎಂಬುದನ್ನು ಒಪ್ಪಬೇಕು. ಟಂಡನ್ 1951ರಲ್ಲಿ ಮೊದಲ ಭಾರತೀಯ ನಿರ್ದೇಶಕರಾದರು, 1961ರಲ್ಲಿ ಅಧ್ಯಕ್ಷರಾದರು. ಆ ಹೊತ್ತಿಗೆ 205 ಮಂದಿ ವ್ಯವಸ್ಥಾಪಕರಲ್ಲಿ 191 ಮಂದಿ ಭಾರತೀಯರೇ.

ಹೀಗೆ ಬಂದವರಿಗೆ ಕೈಗೆ ಸಿಕ್ಕದ್ದು ಕೊರತೆಯ ಕಾಲ. ಸಾಬೂನಿಗೆ ಬೇಕಾದ ಕೊಬ್ಬು, ಎಣ್ಣೆಗಳ ಆಮದಿಗೆ ನಿರ್ಬಂಧ. ದೇಶದ ಅಡುಗೆ ಎಣ್ಣೆಯನ್ನು ಸಾಬೂನಿಗೆ ಸುರಿಯುವುದನ್ನು ಸರ್ಕಾರ ಸಹಿಸುತ್ತಿರಲಿಲ್ಲ. ಆಗ ಅಕ್ಕಿತೌಡು, ಹರಳು, ಬೇವು, ಹಿಪ್ಪೆ, ಸಾಲ್ ಮರದ ಬೀಜ ಇವುಗಳ ಎಣ್ಣೆಯಿಂದ ಒಳ್ಳೆಯ ಸಾಬೂನು ಮಾಡುವ ವಿಧಾನಗಳನ್ನು ಇಲ್ಲಿಯ ವಿಜ್ಞಾನಿಗಳೇ ಹುಡುಕಬೇಕಾಯಿತು. 1958ರಲ್ಲಿ ಮುಂಬಯಿ ಕಾರ್ಖಾನೆಯ ಒಂದು ಘಟಕವಾಗಿ ಆರಂಭವಾದ ಸಂಶೋಧನೆಗೆ 1967ರಲ್ಲಿ ಅಂಧೇರಿಯಲ್ಲಿ ಪ್ರತ್ಯೇಕ ಕೇಂದ್ರವೇ ಎದ್ದಿತು. ಕಚ್ಚಾವಸ್ತು ಧಾರಾಳವಾಗಿ ಸಿಕ್ಕುವ ದೇಶದಲ್ಲಿ ಇಂಥ ಸಂಶೋಧನೆಯ ಅಗತ್ಯವೇ ಬೀಳುತ್ತಿರಲಿಲ್ಲ.

ಅನಂತರ ಬಂದದ್ದು ನಿಜವಾದ ಅಗ್ನಿಪರೀಕ್ಷೆ, 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆ. ಸಾಮಾನ್ಯ ಸರಕು ತಯಾರಿಸುವ ಕಂಪನಿಯಲ್ಲಿ ವಿದೇಶಿಯರ ಪಾಲು ಶೇಕಡ 40ನ್ನು ಮೀರಕೂಡದು. ಉನ್ನತ ತಂತ್ರಜ್ಞಾನ ಅಥವಾ ರಫ್ತು ಇದ್ದವರಿಗೆ ಮಾತ್ರ ವಿನಾಯಿತಿ. ಹಿರಿಯರಿಗೆ ನೆನಪಿರಬಹುದು, 1977ರಲ್ಲಿ ಜನತಾ ಸರ್ಕಾರ ಬಂದು ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಸಚಿವರಾದಾಗ ಕೋಕಾ ಕೋಲಾ ಗಂಟುಮೂಟೆ ಕಟ್ಟಿತು, ಐಬಿಎಂ ಕೂಡ ಹಿಂದೆಯೇ ಹೊರಟಿತು. ಹಿಂದೂಸ್ತಾನ್ ಲೀವರ್ ಮಾತ್ರ ಹೋಗಲೂ ಇಲ್ಲ, ಶೇಕಡ 40ಕ್ಕೆ ಇಳಿಯಲೂ ಇಲ್ಲ. ಅದು ತನ್ನ ಸ್ವರೂಪವನ್ನೇ ಬದಲಾಯಿಸಿಕೊಂಡಿತು. ಬಂಗಾಳದ ಹಲ್ದಿಯಾದಲ್ಲಿ 1979ರಲ್ಲಿ ಡಿಟರ್ಜೆಂಟಿಗೆ ಬೇಕಾದ ರಾಸಾಯನಿಕದ ಸ್ಥಾವರ ಹೂಡಿತು. ಸಾಬೂನಿಗೆ ಸಂಬಂಧವೇ ಇಲ್ಲದ ಪಾದರಕ್ಷೆಯ ಚರ್ಮದ ಭಾಗಗಳನ್ನೂ ಸಮುದ್ರೋತ್ಪನ್ನಗಳನ್ನೂ ಹೊರದೇಶಕ್ಕೆ ಕಳಿಸತೊಡಗಿತು. ಭಾರತೀಯರ ಪಾಲು 1978ರಲ್ಲಿ ಶೇಕಡ 34ಕ್ಕೆ ಏರಿತು. 1982ರಲ್ಲಿ ಯೂನಿಲೀವರ್ ಶೇಕಡ 51 ಉಳಿಸಿಕೊಳ್ಳಲು ಸರ್ಕಾರ ಒಪ್ಪಿತು. ಸಾಬೂನಿನ ಕಂಪನಿ ಸೀಗಡಿ ರಫ್ತಿನ ಲೆಕ್ಕ ಬರೆದದ್ದು ಲಂಡನ್ನಿನಲ್ಲಿ ಯಾರೋ ಕೂತು ಹಾಕಿದ ಯೋಜನೆಯಿಂದಲ್ಲ, ದೆಹಲಿಯ ಒಂದು ಕಾಯಿದೆಯಿಂದ.

ಸರ್ಕಾರದ ಮುಂದೆ ಗೆದ್ದ ಕಂಪನಿಯನ್ನು ಬಗ್ಗಿಸಿದವನು ಸೈಕಲ್ ಮೇಲೆ ಬಂದ. ಗುಜರಾತ್ ಸರ್ಕಾರದ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಕರ್ಸನ್‌ಭಾಯಿ ಪಟೇಲ್ 1969ರಲ್ಲಿ ಮನೆಯಲ್ಲೇ ಹಳದಿ ಪುಡಿ ತಯಾರಿಸಿ, ಮಗಳ ಹೆಸರಿನಲ್ಲಿ ‘ನಿರ್ಮಾ’ ಎಂದು ಕರೆದು, ಅಹಮದಾಬಾದಿನ ಮನೆಮನೆಗೆ ಮಾರತೊಡಗಿದ್ದರು. ಅದರ ಬೆಲೆ 1959ರಿಂದ ಮಾರುಕಟ್ಟೆಯಲ್ಲಿದ್ದ ಸರ್ಫ್‌ನ ಬೆಲೆಯ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಮೊದಲು ಲೀವರ್‌ನವರು ಅದನ್ನು ಗಣನೆಗೆ ತಂದುಕೊಳ್ಳಲಿಲ್ಲ, ಆ ಗಿರಾಕಿಗಳು ತಮ್ಮವರಲ್ಲ ಎಂದುಕೊಂಡರು. ಎಂಬತ್ತರ ದಶಕದಲ್ಲಿ ಎಚ್ಚೆತ್ತಾಗ ನಿರ್ಮಾ ಮುಂದೆ ಹೋಗಿಯಾಗಿತ್ತು. ಟೆಲಿವಿಷನ್ನಿನಲ್ಲಿ ಲಲಿತಾಜಿ ಬಂದು ಅಗ್ಗದ ವಸ್ತುವಿಗೂ ಒಳ್ಳೆಯ ವಸ್ತುವಿಗೂ ಇರುವ ಅಂತರ ಬೋಧಿಸಿದಳು. ಪಾಠ ಚೆನ್ನಾಗಿತ್ತು, ಆದರೆ ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸಿನ ಸೆರಗಿನ ಗಂಟಿನಲ್ಲಿ ಅಷ್ಟು ದುಡ್ಡಿರಲಿಲ್ಲ.

ಕೊನೆಗೆ ಕಂಪನಿ ತಾನೇ ಕೆಳಗಿಳಿದು ‘ವೀಲ್’ ಪುಡಿಯನ್ನು ತಂದಿತು. ಸರ್ಫ್‌ನ ಬೆಲೆ ಇಳಿಸಿದರೆ ಇದು ಆಗುವ ಕೆಲಸವಲ್ಲ. ಕಡಿಮೆ ನೀರಿನಲ್ಲಿ ಕೈಯಿಂದ ಉಜ್ಜಿ ಒಗೆಯುವವರಿಗೆ ತಕ್ಕ ಪುಡಿ ಬೇಕಿತ್ತು, ಕಡಿಮೆ ಖರ್ಚಿನ ತಯಾರಿಕೆ ಬೇಕಿತ್ತು, ಹಳ್ಳಿಯ ಅಂಗಡಿಯವರೆಗೆ ತಲಪುವ ಮಾರಾಟ ಬೇಕಿತ್ತು. ಹಳ್ಳಿಯ ಪರಿಚಯಕ್ಕೆ ಒಂದು ಹಳೆಯ ಸೋಲೂ ನೆರವಾಗಿತ್ತೆನ್ನಬಹುದು. ಉತ್ತರ ಪ್ರದೇಶದ ಏಟಾದಲ್ಲಿದ್ದ ಕಂಪನಿಯ ಡೇರಿ ನಷ್ಟದಲ್ಲಿತ್ತು. ದನಕರುಗಳ ಮತ್ತು ಅವುಗಳನ್ನು ಸಾಕುವವರ ಸ್ಥಿತಿ ಸುಧಾರಿಸದೆ ಡೇರಿ ಉಳಿಯದೆಂದು ಅಲ್ಲಿ 1976ರಲ್ಲಿ ಗ್ರಾಮಾಭಿವೃದ್ಧಿ ಕೆಲಸ ಶುರುವಾಯಿತು. ಹೊಸದಾಗಿ ಸೇರಿದ, ಇಂಗ್ಲಿಷ್ ಕಲಿತ ತರುಣರು ಕೆಲವು ವಾರ ಅಲ್ಲಿಯ ಹಳ್ಳಿಮನೆಗಳಲ್ಲಿದ್ದು ಬರುವ ಪದ್ಧತಿ ಬಂತು.

ಈಗ ನೀರು ಹಿಮ್ಮುಖವಾಗಿ ಹರಿಯಿತು. ಬಡವರಿಗೆ ಮಾರುವ ವಿದ್ಯೆ ತವರುಮನೆಗೇ ಬೇಕಾಯಿತು. ಬ್ರೆಜಿಲಿನ ಈಶಾನ್ಯ ಭಾಗದ ಬಡವರಿಗಾಗಿ ಯೂನಿಲೀವರ್ ತೊಂಬತ್ತರ ದಶಕದಲ್ಲಿ ‘ಆಲಾ’ ಎಂಬ ಪುಡಿ ತಂದಾಗ ಭಾರತದ ಅನುಭವ ಅದರ ಹಿಂದೆ ಇತ್ತು. ಮನುಷ್ಯರೂ ಹಾಗೆಯೇ ಹೊರಟರು. ಕೇಕಿ ದಾದಿಸೇಠ್ ಯೂನಿಲೀವರ್‌ನ ನಿರ್ದೇಶಕ ಮಂಡಳಿ ಸೇರಿದರು. ಹರೀಶ್ ಮನ್ವಾನಿ ಇಡೀ ಜಗತ್ತಿನ ವ್ಯವಹಾರ ನೋಡಿಕೊಳ್ಳುವ ಹುದ್ದೆಗೇರಿದರು. ವ್ಯವಸ್ಥಾಪನಾ ಶಾಸ್ತ್ರದ ವಿದ್ವಾಂಸರಾದ ಜೂಲಿಯನ್ ಬರ್ಕಿನ್‌ಶಾ ಮತ್ತು ನೀಲ್ ಹುಡ್ 1998ರಲ್ಲಿ ಬರೆದ ಲೇಖನವೊಂದರಲ್ಲಿ ಇದಕ್ಕೊಂದು ವಿವರಣೆಯಿದೆ. ಮಾತೃಸಂಸ್ಥೆ ಕೊಟ್ಟ ಕೆಲಸ, ನೆಲೆಸಿದ ದೇಶದ ಒತ್ತಡ, ಇವೆರಡರ ಜೊತೆಗೆ ಅಂಗಸಂಸ್ಥೆಯವರೇ ಮಾಡಿಕೊಂಡ ಆಯ್ಕೆಯೂ ಸೇರಿ ಅದರ ಪಾತ್ರ ಬದಲಾಗುತ್ತದೆ, ಹಿಗ್ಗಬಹುದು, ಕುಗ್ಗಲೂಬಹುದು ಎನ್ನುತ್ತಾರೆ ಅವರು.

ಕುಗ್ಗಬಹುದು ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 1991ರ ಉದಾರೀಕರಣದ ಅನಂತರ ಕಾಯಿದೆಯ ಹಿಡಿತ ಸಡಿಲಿತು. ಟಾಟಾ ಆಯಿಲ್ ಮಿಲ್ಸ್ 1993ರಲ್ಲಿ, ಬ್ರೂಕ್ ಬಾಂಡ್ ಲಿಪ್ಟನ್ 1996ರಲ್ಲಿ ಹಿಂದೂಸ್ತಾನ್ ಲೀವರ್‌ನಲ್ಲಿ ಲೀನವಾದವು. ದೇಹ ಬೆಳೆಯಿತು, ಜೊತೆಗೆ ತವರಿನ ಹಕ್ಕೂ ಬೆಳೆಯಿತು. 2007ರಲ್ಲಿ ಹೆಸರು ಹಿಂದೂಸ್ತಾನ್ ಯೂನಿಲೀವರ್ ಆಯಿತು. 2013ರಲ್ಲಿ ಯೂನಿಲೀವರ್ ಷೇರುದಾರರಿಂದ ನೇರವಾಗಿ ಷೇರು ಕೊಂಡು ತನ್ನ ಪಾಲನ್ನು ಸುಮಾರು ಶೇಕಡ 52ರಿಂದ 67ಕ್ಕೆ ಏರಿಸಿಕೊಂಡಿತು. ಅದೇ ವರ್ಷ, ಹೆಸರು ಮತ್ತು ತಂತ್ರಜ್ಞಾನಕ್ಕಾಗಿ ಕೊಡುವ ಗೌರವಧನವನ್ನು ವಹಿವಾಟಿನ ಶೇಕಡ 1.4ರಿಂದ ಹಂತಹಂತವಾಗಿ 3.15ಕ್ಕೆ ಏರಿಸುವ ಒಪ್ಪಂದವೂ ಆಯಿತು. ಸಾವಿರಾರು ಕೋಟಿ ರೂಪಾಯಿ ವಹಿವಾಟಿನಲ್ಲಿ ಇದು ಚಿಲ್ಲರೆ ಹಣವಲ್ಲ. ಇಲ್ಲಿಯ ಜನ ಬೆಳೆಸಿದ ಹೆಸರಿಗೆ ಇಲ್ಲಿಯ ಕಂಪನಿ ಏಕೆ ಬಾಡಿಗೆ ಕೊಡಬೇಕು ಎಂಬ ಪ್ರಶ್ನೆ ಸಹಜ. ಹೊಸ ಸಂಶೋಧನೆ ಬರುವುದು ಎಲ್ಲಿಂದ ಎಂಬ ಮರುಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. 2024ರ ಮಾರ್ಚಿಯಲ್ಲಿ ಯೂನಿಲೀವರ್ ಐಸ್‌ಕ್ರೀಮ್ ವ್ಯವಹಾರವನ್ನು ಬೇರೆ ಮಾಡುವುದಾಗಿ ಪ್ರಕಟಿಸಿತು. ಅದೇ ನವೆಂಬರಿನಲ್ಲಿ ಇಲ್ಲಿಯ ನಿರ್ದೇಶಕ ಮಂಡಳಿಯೂ ಕ್ವಾಲಿಟಿ ವಾಲ್ಸ್ ವ್ಯವಹಾರವನ್ನು ಬೇರೆ ಮಾಡಲು ತೀರ್ಮಾನಿಸಿತು.

ಸಾಬೂನನ್ನು ಬಿಟ್ಟು ಯಂತ್ರಗಳ ಕಡೆ ತಿರುಗಿದರೆ ಇದೇ ಕಥೆಯ ಇನ್ನೊಂದು ರೂಪ ಬೆಂಗಳೂರಿನಲ್ಲಿ ಸಿಕ್ಕುತ್ತದೆ. ಜರ್ಮನಿಯ ಬಾಷ್ ಕಂಪನಿಯ ಸಂಬಂಧದಿಂದ 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ‘ಮೈಕೋ’, ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪುಗಳನ್ನು ತಯಾರಿಸಿತು. ಮೈಕೋದಲ್ಲಿ ಕೆಲಸ ಎಂದರೆ ಒಂದು ಕಾಲಕ್ಕೆ ಹೆಣ್ಣು ಕೊಡುವವರು ಮುಂದೆ ವಿಚಾರಿಸುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಬಾಷ್ ಇದೇ ಊರಿನಲ್ಲಿ ಸಾಫ್ಟ್‌ವೇರ್ ಬರೆಸಲು ಬೇರೊಂದು ಅಂಗಸಂಸ್ಥೆ ತೆರೆಯಿತು. 2008ರಲ್ಲಿ ಮೈಕೋ ಎಂಬ ಹೆಸರು ಹೋಗಿ ಬಾಷ್ ಲಿಮಿಟೆಡ್ ಬಂತು, 2015ರಲ್ಲಿ ಬಿಡದಿಯ ಹೊಸ ಕಾರ್ಖಾನೆ ಶುರುವಾಯಿತು. ಆಡುಗೋಡಿಯ 76 ಎಕರೆ ಜಾಗ ಸುಮಾರು 10,000 ಮಂದಿ ಎಂಜಿನಿಯರುಗಳಿಗೆ ಸ್ಥಳಾವಕಾಶವಿರುವ ತಂತ್ರಜ್ಞಾನ ಆವರಣವಾಗಿ 2022ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. ಜರ್ಮನಿಯ ನಕ್ಷೆ ನೋಡಿ ಪಂಪು ಕೊರೆಯುತ್ತಿದ್ದ ಜಾಗದಲ್ಲಿ ಈಗ ನಕ್ಷೆಯ ಕೆಲಸವೇ ನಡೆಯುತ್ತದೆ. ಅಂಗಸಂಸ್ಥೆಗೆ ಇದು ಬಡ್ತಿ, ನಿಜ. ಆದರೆ ಲೇತಿನ ಮುಂದೆ ನಿಂತು ಪಳಗಿದ ಕೈ ಅಷ್ಟು ಸುಲಭವಾಗಿ ಕಂಪ್ಯೂಟರಿನ ಮುಂದೆ ಕೂರಲಾರದು. ಹೆಸರು ಹೋದರೂ ಅದರ ಗುರುತು ಬೆಂಗಳೂರಿನಲ್ಲಿ ಉಳಿದಿದೆ. ಬಿಟಿಎಂ ಬಡಾವಣೆಯ ಪಕ್ಕದ ಪ್ರದೇಶಕ್ಕೂ ಅಲ್ಲಿಯ ಪೊಲೀಸ್ ಠಾಣೆಗೂ ಹೆಸರು ಮೈಕೋ ಲೇಔಟ್ ಎಂದೇ.