ಒಂದು ಪುಟ್ಟ ಡಬ್ಬಿ ರಾಸ್ಪ್‌ಬೆರಿ, ನಾಲ್ಕು ಜನರ ಅಡುಗೆ

ಇವತ್ತು ರಾಸ್ಪ್‌ಬೆರಿ, ಬ್ಲ್ಯಾಕ್‌ಬೆರಿ ವಿಚಾರ. ಸೂಪರ್‌ಮಾರ್ಕೆಟ್‌ನಲ್ಲಿ ಮಕ್ಕಳು ಡಬ್ಬಿ ತೋರಿಸ್ತಾರೆ, ನಾವು ಬೆಲೆ ನೋಡಿ ವಾಪಸ್ ಇಡ್ತೀವಿ. ತಂದರೂ ನಾಲ್ಕು ಹಣ್ಣು ತಿಂದು "ಹುಳಿ" ಅಂತಾರೆ, ಉಳಿದದ್ದು ಫ್ರಿಜ್‌ನಲ್ಲೇ ಬೂಷ್ಟು ಹಿಡಿಯುತ್ತೆ. ನಾನು ಹೇಳೋದು ಇಷ್ಟೇ: ಇದನ್ನ ಸಿಹಿ ಹಣ್ಣು ಅಂದ್ಕೋಬೇಡಿ, ಹುಣಸೆಹಣ್ಣಿನ ಜಾಗದಲ್ಲಿಟ್ಟು ನೋಡಿ. ಆಗ 125 ಗ್ರಾಂ ಡಬ್ಬಿ ನಾಲ್ಕು ಜನಕ್ಕೆ ಸಾಕಾಗುತ್ತೆ.

ಮೊದಲು ಗುರುತು. ಬ್ಲ್ಯಾಕ್‌ಬೆರಿ ಅಂದ್ರೆ ನಮ್ಮ ನೇರಳೆ ಅಲ್ಲ, ಹಿಪ್ಪುನೇರಳೆಯೂ ಅಲ್ಲ. ಬ್ಲ್ಯಾಕ್‌ಬೆರಿ, ರಾಸ್ಪ್‌ಬೆರಿ ಎರಡೂ ಗುಲಾಬಿ ಕುಟುಂಬದವು. ಗಿಡದಿಂದ ಕಿತ್ತಾಗ ರಾಸ್ಪ್‌ಬೆರಿ ಒಳಗೆ ಟೊಪ್ಪಿಗೆಯ ಹಾಗೆ ಟೊಳ್ಳು. ಬ್ಲ್ಯಾಕ್‌ಬೆರಿಯ ನಡುವಿನ ತಿರುಳು ಹಣ್ಣಿನ ಜೊತೆಗೇ ಬರುತ್ತೆ. ಪುಣೆ, ಮುಂಬೈನವರಿಗೆ ಚಳಿಗಾಲದಲ್ಲಿ ಮಹಾಬಳೇಶ್ವರ, ಪಂಚಗಣಿ ಕಡೆಯ ರಾಸ್ಪ್‌ಬೆರಿ ಸಿಗುತ್ತೆ. ದೆಹಲಿಯವರು ಬೇಸಿಗೆಯಲ್ಲಿ ಕುಮಾವೂಂ ಬೆಟ್ಟಕ್ಕೆ ಹೋದರೆ ಹಳದಿ ಬಣ್ಣದ ಹಿಸಾಲು ನೋಡಿ, ಅದೂ ಇದೇ ಜಾತಿಯ ಕಾಡುಹಣ್ಣು. ಉಳಿದವರಿಗೆ ಫ್ರೋಜನ್ ಪ್ಯಾಕೆಟ್ ಇದ್ದೇ ಇದೆ.

ಇದರಲ್ಲಿ ಏನಿದೆ? 100 ಗ್ರಾಂ ರಾಸ್ಪ್‌ಬೆರಿಯಲ್ಲಿ ಸುಮಾರು 6 ಗ್ರಾಂ ನಾರು, ಸಕ್ಕರೆ 5 ಗ್ರಾಂ ಆಸುಪಾಸು. ಬ್ಲ್ಯಾಕ್‌ಬೆರಿಯೂ ಹೆಚ್ಚು ಕಡಿಮೆ ಹಾಗೇ. ದಿನವಿಡೀ ಕುರ್ಚಿಯಲ್ಲಿ ಕೂರೋ ನಮಗೆ ಬೇಕಾಗಿರೋದೇ ಈ ನಾರು. ಆದ್ರೆ "ಬೆರಿ" ಹೆಸರಿನ ಜ್ಯಾಮ್, ಯೋಗರ್ಟ್ ತಗೊಳ್ಳುವಾಗ ಹಿಂದಿನ ಚೀಟಿ ಓದಿ. ಪದಾರ್ಥಗಳನ್ನ ತೂಕದ ಪ್ರಕಾರ, ಹೆಚ್ಚಿನದು ಮೊದಲು ಬರೆದಿರ್ತಾರೆ. ಹಣ್ಣಿಗಿಂತ ಮುಂಚೆ ಸಕ್ಕರೆ ಕಂಡರೆ, ನೀವು ದುಡ್ಡು ಕೊಡ್ತಿರೋದು ಸಕ್ಕರೆಗೆ.

ಈಗ ಅಡುಗೆ. ಮೊದಲನೇದು ರಾಸ್ಪ್‌ಬೆರಿ ಗೊಜ್ಜು, ಅನಾನಸ್ ಗೊಜ್ಜಿನ ದಾರಿಯಲ್ಲೇ. ಎರಡು ಬ್ಯಾಡಗಿ ಮೆಣಸಿನಕಾಯಿ, ಒಂದೊಂದು ಚಮಚ ಕಡಲೆಬೇಳೆ, ಉದ್ದಿನಬೇಳೆ, ಬಿಳಿ ಎಳ್ಳು, ಎರಡು ಚಮಚ ಕೊಬ್ಬರಿ ಹುರಿದು ಪುಡಿ ಮಾಡಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ ಒಂದು ಲೋಟ ನೀರು, ಉಪ್ಪು, ಚೂರು ಬೆಲ್ಲ, ಈ ಪುಡಿ ಹಾಕಿ ಕುದಿಸಿ. ಗಟ್ಟಿಯಾದ ಮೇಲೆ ಹಣ್ಣು ಹಾಕಿ, ಎರಡು ನಿಮಿಷಕ್ಕೆ ಒಲೆ ಆರಿಸಿ. ಹುಣಸೆಹಣ್ಣು ಬೇಡವೇ ಬೇಡ. ಚಪಾತಿ, ದೋಸೆ, ಅನ್ನ, ಯಾವುದಕ್ಕೂ ಆಗುತ್ತೆ. ಪಾತ್ರೆ ಮಾತ್ರ ಸ್ಟೀಲಿಂದೇ ಇರಲಿ. ಹುಳಿಗೆ ಅಲ್ಯುಮಿನಿಯಂ, ಕಬ್ಬಿಣ ಒಗ್ಗಲ್ಲ.

ಎರಡನೇದು ರಾಗಿ ಗಂಜಿ. ಗಂಜಿ ಬೇಯಿಸಿ ಪೂರ್ತಿ ಆರಿಸಿ. ಒಂದು ಹಿಡಿ ಬ್ಲ್ಯಾಕ್‌ಬೆರಿಯನ್ನ ಎರಡು ಚಮಚ ನೀರಲ್ಲಿ ಕುದಿಸಿ, ಮಸೆದು, ಚಿಕ್ಕ ಮಕ್ಕಳಿಗಾದ್ರೆ ಬೀಜ ಸೋಸಿ, ಮೊಸರಿನ ಜೊತೆ ಗಂಜಿಗೆ ಸೇರಿಸಿ. ಬಿಸಿ ಹಾಲಿಗೆ ಹಾಕ್ಬೇಡಿ, ಒಡೆದು ಹೋಗುತ್ತೆ.

ಮೂರನೇದು ರಸಾಯನ. ಕಳಿತ ಬಾಳೆಹಣ್ಣು, ತೆಂಗಿನಹಾಲು, ಏಲಕ್ಕಿ, ಮೇಲೆ ಹತ್ತು ತಾಜಾ ರಾಸ್ಪ್‌ಬೆರಿ. ಬಾಳೆಹಣ್ಣಿನ ಸಿಹಿಯೇ ಸಾಕು.

ಎರಡು ಎಚ್ಚರಿಕೆ. ತಾಜಾ ಹಣ್ಣನ್ನ ತೊಳೆದು ಫ್ರಿಜ್‌ಗೆ ಇಡ್ಬೇಡಿ, ತಿನ್ನೋ ಮುಂಚೆ ತೊಳೀರಿ. ಬೂಷ್ಟು ಬಂದದ್ದನ್ನ ಕೂಡ್ಲೇ ತೆಗೀರಿ, ಪಕ್ಕದ ಹಣ್ಣಿಗೂ ಹರಡುತ್ತೆ. ಫ್ರೋಜನ್ ಆದ್ರೆ ಒಂದು ನಿಮಿಷ ಚೆನ್ನಾಗಿ ಕುದಿಸಿಯೇ ಬಳಸಿ. ಯೂರೋಪ್, ಅಮೆರಿಕದಲ್ಲಿ ಫ್ರೋಜನ್ ಹಣ್ಣಿನಿಂದ ಹೆಪಟೈಟಿಸ್ ಎ ಹರಡಿದ್ದುಂಟು. ಅದಕ್ಕೇ ರಸಾಯನಕ್ಕೆ ತಾಜಾ, ಗೊಜ್ಜು, ಗಂಜಿಗೆ ಫ್ರೋಜನ್ ಅಂತ ಇಟ್ಕೊಳ್ಳಿ.

ಕೊನೇ ಮಾತು. ಈ ಹಣ್ಣು ಇಲ್ಲದಿದ್ರೆ ಆರೋಗ್ಯ ಇಲ್ಲ ಅಂತೇನಿಲ್ಲ. ಸೀಬೆಹಣ್ಣಲ್ಲೂ ಬೇಕಾದಷ್ಟು ನಾರಿದೆ, ವಿಟಮಿನ್ ಸಿ ಇನ್ನೂ ಜಾಸ್ತಿ, ಬೆಲೆಯೂ ಕಡಿಮೆ. ದುಡ್ಡು ಕೊಟ್ಟು ತಂದ ಡಬ್ಬಿ ಕಸದ ಬುಟ್ಟಿಗೆ ಹೋಗದೆ ಮನೆಯವರ ತಟ್ಟೆಗೆ ಬಂದರೆ ಸಾಕು. ಈ ವಾರ ಗೊಜ್ಜಿನಿಂದ ಶುರು ಮಾಡಿ.