ನಮ್ಮ ವಾಚನಾಲಯಕ್ಕೆ ಯಾವ ಹಾಡು, ಯಾವ ಚಿತ್ರ?

(ಸಂಘದ ಗ್ರಂಥಾಲಯ ಸಮಿತಿಯ ಸಭೆಯಲ್ಲಿ ಮಾಡಿದ ಭಾಷಣ)



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ವಾಚನಾಲಯಗಳಿಗೆ ಪುಸ್ತಕ ಆರಿಸುವ ಬಗ್ಗೆ ನಾವು ಸಾಕಷ್ಟು ಚರ್ಚಿಸಿದ್ದೇವೆ. ಮಕ್ಕಳ ಹಾಡು ಹಾಗೂ ಮಾನವ ಹಕ್ಕುಗಳ ಸಾಕ್ಷ್ಯಚಿತ್ರಗಳ ಆಯ್ಕೆ ಇಂದು ಮೊದಲ ಬಾರಿಗೆ ಚರ್ಚೆಗೆ ಬಂದಿದೆ.

ದ್ವಿಭಾಷಾ ಹಾಡು ಬೇಕೆಂದು ಕೇಳಿದರೆ ಅಂಗಡಿಯವರು ಕೊಡುವುದು ಹಿಂದಿ-ಇಂಗ್ಲಿಷ್. ನಮ್ಮ ಮಗುವಿನ ಎರಡು ಭಾಷೆಗಳು ಅವಲ್ಲ. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ, ಭಾರತವೂ 1992ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 17ನೇ ವಿಧಿ, ಅಲ್ಪಸಂಖ್ಯಾತ ಮಗುವಿನ ಭಾಷೆಯ ಅಗತ್ಯವನ್ನು ಮಾಧ್ಯಮಗಳು ಗಮನಿಸಬೇಕೆನ್ನುತ್ತದೆ. ಹಾಡಿನ ಆಯ್ಕೆಯೂ ಹಕ್ಕಿನ ಮಾತೇ ಎಂದು ನಾನು ಹೇಳುವುದು ಇದರಿಂದಲೇ.

ಒಳ್ಳೆಯ ಹಾಡುಗಳಿಗೇನೂ ಬರವಿಲ್ಲ. ಕನ್ನಡದಲ್ಲಿ ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳಿವೆ. ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಮನೆಮನೆ ತಲುಪಿತು. ದಖನಿಯಲ್ಲಿ ಚಕ್ಕಿನಾಮಾ, ಚರಖಾನಾಮಾಗಳಿವೆ. ಬಿಜಾಪುರದ ಸೂಫಿಗಳ ಈ ಪದಗಳನ್ನು ಹೆಂಗಸರು ಬೀಸುವ ಕಲ್ಲು, ರಾಟೆಗಳ ಮುಂದೆ ಹಾಡುತ್ತಿದ್ದರು. ಕನ್ನಡದ ಬೀಸುವ ಪದಗಳೂ ಅದೇ ಕಲ್ಲಿನವು. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಮಗ್ಗುಲಲ್ಲೇ ಇದೆ. ಅಲ್ಲಿ ಹೋಗಿ ಬೀಸುವ ಪದ ಕೇಳಿ, ಮನೆಯ ದಾದಿ-ನಾನಿಯರಿಂದ ದಖನಿ ಪದ ಧ್ವನಿಮುದ್ರಿಸಿ, ಎರಡನ್ನೂ ಒಟ್ಟಿಗೆ ಇಡಬಹುದು. ಸಾಹಿತ್ಯದ ಹಾಳೆಯಲ್ಲಿ ಉರ್ದು ಪದವನ್ನು ಕನ್ನಡ ಲಿಪಿಯಲ್ಲೂ ಅಚ್ಚು ಹಾಕಿಸಬೇಕು. ಕನ್ನಡ ಮಾಧ್ಯಮದ ಎಷ್ಟೋ ಮಕ್ಕಳಿಗೆ ಉರ್ದು ಅಕ್ಷರ ಬಾರದು, ಮಾತು ಮಾತ್ರ ಚೆನ್ನಾಗಿ ಬರುತ್ತದೆ. ಕೊಳ್ಳುವ ಮುನ್ನ ಉರ್ದು ಮೇಷ್ಟರು, ಕನ್ನಡ ಮೇಷ್ಟರು ಜೊತೆಯಲ್ಲಿ ಕುಳಿತು ಕೇಳಲಿ. (ಗದ್ದಲದ ತಾಳವಾದ್ಯದಲ್ಲಿ ಮಾತು ಮುಳುಗಿದ್ದರೆ ಅಲ್ಲಿಗೇ ಬಿಡಿ!)

ಚಿತ್ರಗಳ ವಿಷಯ ಇಷ್ಟು ಸುಲಭವಲ್ಲ. ಹಾಡಿನ ಚರಖ ಬೇರೆ, ನಮ್ಮ ಊರುಗಳ ರೇಷ್ಮೆ ಚರಕ ಬೇರೆ. ಕರ್ನಾಟಕದ ರೇಷ್ಮೆ ಘಟಕಗಳಲ್ಲಿ ಮಕ್ಕಳು ಕುದಿಯುವ ನೀರಿಗೆ ಕೈಹಾಕಿ ಗೂಡು ತಡಕುವುದನ್ನು ಹ್ಯೂಮನ್ ರೈಟ್ಸ್ ವಾಚ್ 2003ರ ವರದಿಯಲ್ಲಿ ದಾಖಲಿಸಿತು. ನಮ್ಮ ಸದಸ್ಯರಲ್ಲಿ ರೀಲರುಗಳಿದ್ದಾರೆ. ಇಂಥ ವಿಷಯದ ಚಿತ್ರ ಬೇಡ, ಊರಿನ ಹೆಸರು ಕೆಡುತ್ತದೆ ಎಂಬ ಮಾತು ಬಂದೇ ಬರುತ್ತದೆ. ನಾನು ಒಪ್ಪುವುದಿಲ್ಲ. ದೂರದ ದೇಶದ ಅನ್ಯಾಯವನ್ನಷ್ಟೇ ತೋರಿಸುವ ಕಪಾಟು ಮಕ್ಕಳಿಗೆ ಏನು ಕಲಿಸೀತು?

ಕೈಲಾಶ್ ಸತ್ಯಾರ್ಥಿಯವರ ಕೆಲಸದ ಬಗೆಗಿನ 'ದಿ ಪ್ರೈಸ್ ಆಫ್ ಫ್ರೀ' (2018) ಪ್ರೌಢಶಾಲೆಯವರಿಗೆ ಸರಿ. ದಾಳಿಯ ದೃಶ್ಯಗಳಿರುವುದರಿಂದ ಪುಟ್ಟ ಮಕ್ಕಳಿಗೆ ಬೇಡ. ದೀಪಾ ಧನರಾಜ್ ಅವರ 'ಇನ್ವೋಕಿಂಗ್ ಜಸ್ಟಿಸ್' (2011) ಕಾಲೇಜು ವಿದ್ಯಾರ್ಥಿಗಳು ನೋಡಲೇಬೇಕು. ತಮಿಳುನಾಡಿನ ಮುಸ್ಲಿಂ ಮಹಿಳೆಯರು ತಮ್ಮದೇ ಜಮಾತ್ ಕಟ್ಟಿ ಕೌಟುಂಬಿಕ ವ್ಯಾಜ್ಯಗಳನ್ನು ಆಲಿಸುವ ಚಿತ್ರ ಅದು. ಅಲ್ಲಿ ನೊಂದವರು ತಾವೇ ಮಾತಾಡುತ್ತಾರೆ, ಕನಿಕರದ ಹಿನ್ನೆಲೆ ಸಂಗೀತಕ್ಕೆ ಕಾಯುವುದಿಲ್ಲ. ಮಾತು ತಮಿಳು, ಆದ್ದರಿಂದ ಪಕ್ಕದಲ್ಲಿ ಕನ್ನಡದಲ್ಲಿ ವಿವರಿಸುವವರೊಬ್ಬರು ಇರಲಿ.

ಒಂದು ಕಾನೂನಿನ ಮಾತು. ಶಾಲೆಯೊಳಗೆ ವಿದ್ಯಾರ್ಥಿ, ಶಿಕ್ಷಕ, ಪೋಷಕರಿಗಷ್ಟೇ ಚಿತ್ರ ತೋರಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ. ವಾಚನಾಲಯದಲ್ಲಿ ಸಾರ್ವಜನಿಕರಿಗೆ ತೋರಿಸುವುದಾದರೆ ನಿರ್ಮಾಪಕರ ಲಿಖಿತ ಅನುಮತಿ ಪಡೆಯಿರಿ.

ಚಿತ್ರಗಳನ್ನು ಮೊದಲು ನೋಡುವ ಸಮಿತಿಯಲ್ಲಿ ಒಬ್ಬ ರೀಲರ್, ಒಬ್ಬ ತಾಯಿ, ಇಬ್ಬರು ವಿದ್ಯಾರ್ಥಿಗಳು ಇರಲಿ ಎಂಬುದು ನನ್ನ ಸೂಚನೆ. ಹೆಸರುಗಳನ್ನು ಇಂದೇ ಕೊಡಬಹುದು.